ಮಂಡಿನೋವೇ? ಯಾವ ನೀರು ಕುಡಿಯುತ್ತಾರೆ, ಕೇಳಿ

ದಾವಣಗೆರೆ ಜಿಲ್ಲೆಯ ಸಾಸ್ವೆಹಳ್ಳಿ ಎಂದರೆ ಈಗ ಎಲ್ಲರ ಬಾಯಲ್ಲಿ ಬರುವುದು ಏತ ನೀರಾವರಿ. ತುಂಗಭದ್ರೆಯ ನೀರನ್ನು ಮೇಲೆತ್ತಿ ಹೊನ್ನಾಳಿ, ಚನ್ನಗಿರಿ ಕಡೆಯ ಕೆರೆಗಳಿಗೆ ಹರಿಸುವ ಯೋಜನೆ ಅದು. ಅದೇ ಜಿಲ್ಲೆಯ ಇನ್ನೊಂದು ತುದಿಯ ಜಗಳೂರಿನ ಎಷ್ಟೋ ಹಳ್ಳಿಗಳಿಗೆ ದಶಕಗಟ್ಟಲೆ ಸಿಕ್ಕಿದ್ದು ಫ್ಲೋರೈಡ್ ತುಂಬಿದ ಕೊಳವೆಬಾವಿ ನೀರು. ಹರಿಹರ ತಾಲ್ಲೂಕಿನ ದೀಟೂರಿನಿಂದ 57 ಕೆರೆ ತುಂಬಿಸುವ ಯೋಜನೆ ಅಲ್ಲಿಗೂ ಬಂದಿದೆ. ಆದರೆ ಇಷ್ಟು ವರ್ಷ ಕುಡಿದ ನೀರು ಮೂಳೆಯಲ್ಲಿ ಕೂತಿದೆ. ಆಸ್ಪತ್ರೆಗೆ ಮಂಡಿನೋವು ಹೇಳಿಕೊಂಡು ಬಂದವರ ಚೀಟಿಯಲ್ಲಿ ಬರೀ ಮಾತ್ರೆ ಬರೆದು ಕಳಿಸಿದರೆ ಅರ್ಧ ಕೆಲಸವಷ್ಟೇ ಆದಂತೆ.

ಹೊರರೋಗಿ ವಿಭಾಗದಲ್ಲಿ

ಮೊದಲು ಕೇಳಬೇಕಾದ್ದು ನೀರಿನ ವಿಚಾರ, ಅದೂ ಬಿಡಿಸಿ ಬಿಡಿಸಿ. ‘ಅಜ್ಜಿ, ಮನೇಲಿ ಯಾವ ನೀರು ಕುಡೀತೀರಿ?’ ಎಂದರೆ ‘ಫಿಲ್ಟರ್ ನೀರೇ ಸಾ’ ಎನ್ನುತ್ತಾರೆ. ‘ಹೊಲಕ್ಕೆ ಹೋದಾಗ?’ ಎಂದರೆ ‘ಅಲ್ಲೇ ಬೋರಿಂದು’. ‘ಅಡುಗೆಗೆ?’ ‘ಅದಕ್ಕೆಲ್ಲ ಕ್ಯಾನ್ ನೀರು ಹಾಕಕ್ಕಾಗ್ತದಾ?’ ನಿಜವಾದ ಉತ್ತರ ಸಿಗುವುದು ಇಲ್ಲಿ. ಕಾಸು ಕೊಟ್ಟು ಕ್ಯಾನ್ ತುಂಬಿಸಿ, ಬೈಕಿನಲ್ಲಿ ತರುವ ಮನೆಗೂ ಕೂಲಿಗೆ ಹೋಗಿ ದಿನವಿಡೀ ಹೊಲದ ಬೋರಿನ ನೀರು ಕುಡಿಯುವ ಮನೆಗೂ ಊರು ಒಂದೇ, ಕಾಯಿಲೆಯ ಪಾಲು ಬೇರೆ. ಹಾಗಾಗಿ ಊರು, ಕೇರಿ, ಕುಡಿಯುವ ನೀರಿನ ಮೂಲ, ಅಡುಗೆ ನೀರಿನ ಮೂಲ ಎಲ್ಲವನ್ನೂ ಚೀಟಿಯಲ್ಲೇ ಬರೆಯಿರಿ.

ಆಮೇಲೆ ಮೂರು ಪರೀಕ್ಷೆ. ಮಂಡಿ ಮಡಿಸದೆ ಬಗ್ಗಿ ಕಾಲ್ಬೆರಳು ಮುಟ್ಟುವುದು, ಗದ್ದವನ್ನು ಎದೆಗೆ ತಾಗಿಸುವುದು, ಕೈ ಚಾಚಿ ಮಡಿಸಿ ತಲೆಯ ಹಿಂಭಾಗ ಮುಟ್ಟುವುದು. ಆಗದಿದ್ದ ಮಾತ್ರಕ್ಕೆ ಫ್ಲೋರೋಸಿಸ್ (ಫ್ಲೋರೈಡಿನಿಂದ ಬರುವ ಕಾಯಿಲೆ) ಎಂದು ತೀರ್ಮಾನಿಸಬೇಡಿ; ಸಂಧಿವಾತದಲ್ಲೂ ಹೀಗಾಗುತ್ತದೆ. ಮುಂದೋಳಿನ ಎಕ್ಸ್‌ರೇ, ಮೂತ್ರದ ಫ್ಲೋರೈಡ್ ಪರೀಕ್ಷೆಗೆ ದೊಡ್ಡಾಸ್ಪತ್ರೆಗೆ ಕಳಿಸಿ.

ಶಾಲೆಯಲ್ಲಿ ಹಲ್ಲು ನೋಡುವುದು

ಊರಿನ ನೀರಿನ ಚರಿತ್ರೆ ಮಕ್ಕಳ ಹಲ್ಲಿನಲ್ಲಿ ಕಾಣುತ್ತದೆ. ಮಗುವನ್ನು ಬೆಳಕಿಗೆ ನಿಲ್ಲಿಸಿ ಮೇಲ್ದುಟಿ ಎತ್ತಿ. ಹಾಲುಹಲ್ಲಲ್ಲ, ಶಾಶ್ವತ ಹಲ್ಲು ನೋಡಿ. ಎಡಬಲದ ಜೋಡಿ ಹಲ್ಲುಗಳೆರಡರಲ್ಲೂ ಅಡ್ಡಗೆರೆಯಾಗಿ ಸುಣ್ಣದ ಬಿಳುಪು, ಹಳದಿ ಇಲ್ಲವೇ ಕಂದು ಪಟ್ಟೆ ಇದ್ದು, ಉಜ್ಜಿದರೂ ಹೋಗದಿದ್ದರೆ ಫ್ಲೋರೈಡಿನ ಅನುಮಾನ ಬಲವಾಗುತ್ತದೆ. ವಸಡಿನಂಚಿಗೆ ಕಟ್ಟಿಕೊಂಡ ಪಾಚಿ, ಎಲೆಅಡಿಕೆಯ ಕರೆ ಬೇರೆ. ಹಲ್ಲಿನ ಹೊರಪದರ ಕಟ್ಟುವುದು ಸುಮಾರು ಎಂಟು ವರ್ಷದೊಳಗೆ. ಎಂದರೆ ಇಂದು ಆರನೇ ತರಗತಿ ಹುಡುಗಿಯ ಹಲ್ಲು ಹೇಳುವುದು ಅವಳು ಅಂಗನವಾಡಿಯಲ್ಲಿದ್ದಾಗಿನ ನೀರಿನ ಕಥೆ. ತಪ್ಪು ಮಗುವಿನದಲ್ಲ ಎಂದು ತರಗತಿಯಲ್ಲೇ ಹೇಳಿ.

ನೀರಿನ ಮಾದರಿ

ಫ್ಲೋರೈಡ್ ಪರೀಕ್ಷೆಗೆ ಗಾಜಿನ ಬಾಟಲಿ ಬೇಡ, ಪ್ಲಾಸ್ಟಿಕ್ಕಿನದೇ ಇರಲಿ. ಪಂಪನ್ನು ಸ್ವಲ್ಪ ಹೊತ್ತು ಬಿಟ್ಟು, ಅದೇ ನೀರಿನಿಂದ ಬಾಟಲಿ ಗಲಬರಿಸಿ ತುಂಬಿ. ಊರು, ಕೊಳವೆಬಾವಿಯ ಗುರುತು, ದಿನಾಂಕ ಅಂಟಿಸಿ. ಜಲ ಜೀವನ್ ಮಿಷನ್‌ನಲ್ಲಿ ಗ್ರಾಮದ ಮಹಿಳೆಯರಿಗೆ ಪರೀಕ್ಷಾ ಕಿಟ್ ಬಳಸುವ ತರಬೇತಿ ಕೊಡುವ ವ್ಯವಸ್ಥೆ ಇದೆ, ಅವರನ್ನು ಕರೆದುಕೊಳ್ಳಿ. ಕಿಟ್ಟಿನ ಫಲಿತಾಂಶ ಅಂದಾಜು ಮಾತ್ರ. ಗ್ರಾಮೀಣ ಕುಡಿಯುವ ನೀರು ಮತ್ತು ನೈರ್ಮಲ್ಯ ಇಲಾಖೆಯ ಪ್ರಯೋಗಾಲಯದಿಂದ ಖಚಿತಪಡಿಸಿಕೊಳ್ಳಿ. ಭಾರತೀಯ ಮಾನಕದ ಪ್ರಕಾರ ಲೀಟರಿಗೆ 1 ಮಿಲಿಗ್ರಾಂ ಒಪ್ಪುವ ಮಿತಿ. ಬೇರೆ ನೀರೇ ಇಲ್ಲದಿದ್ದರೆ 1.5.

ಶುದ್ಧ ಕುಡಿಯುವ ನೀರಿನ ಘಟಕದ ನೀರನ್ನೂ ಬಿಡಬೇಡಿ. ಉದ್ಘಾಟಿಸಿದವರ ಹೆಸರು ಗೋಡೆಯ ಮೇಲೆ ದಪ್ಪಕ್ಷರದಲ್ಲಿರುತ್ತದೆ. ಒಳಗಿನ ಮೆಂಬ್ರೇನ್ ಯಾವಾಗ ಬದಲಾಯಿತು ಎಂಬುದನ್ನು ಯಾರಾದರೂ ಬರೆದಿಟ್ಟಿದ್ದರೆ ಅದು ಪುಣ್ಯ.

ಮನೆಯವರಿಗೆ ಹೇಳಬೇಕಾದ್ದು

ಕಾಯಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಸಾಂದ್ರವಾಗುತ್ತದೆ. ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆಯೇ, ಏಕೆಂದರೆ ‘ಕಾಯಿಸಿ ಕುಡಿಯಿರಿ’ ಎಂದು ಕಲಿಸಿದವರೂ ಆಸ್ಪತ್ರೆಯವರಾದ ನಾವೇ. ಚಾವಣಿಯ ಮಳೆನೀರು ಶುಚಿಯಾಗಿ ಹಿಡಿದರೆ ಅದಕ್ಕಿಂತ ಒಳ್ಳೆಯದಿಲ್ಲ. ಹಾಲು, ಮಜ್ಜಿಗೆ, ರಾಗಿ, ಸೊಪ್ಪು, ನೆಲ್ಲಿಕಾಯಿ ಇರಲಿ. ಸುಣ್ಣದಂಶ ಕಡಿಮೆಯಿರುವ ಮೈಗೆ ಫ್ಲೋರೈಡಿನ ಪೆಟ್ಟು ಜೋರು. ಕಪ್ಪು ಉಪ್ಪು, ಗಟ್ಟಿ ಕಪ್ಪು ಚಹಾ ಕಡಿಮೆ ಮಾಡಲಿ. ಕ್ಯಾನ್ ಒಂದೇ ಇದ್ದರೆ ಅದು ಮೊದಲು ಬಸುರಿಯರಿಗೆ, ಮಕ್ಕಳಿಗೆ.

ಕಾಗದದ ಕೆಲಸ

ಚೀಟಿ, ಹಲ್ಲಿನ ಲೆಕ್ಕ, ನೀರಿನ ವರದಿ ಮೂರನ್ನೂ ಕೇರಿವಾರು ಒಂದೇ ಹಾಳೆಗೆ ತನ್ನಿ. ರೋಗಿಯ ಹೆಸರು ಬೇಡ. ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿಯಲ್ಲಿಟ್ಟು ನಡಾವಳಿ ಬರೆಸಿ, ಪಂಚಾಯಿತಿಗೂ ತಾಲ್ಲೂಕು ಆರೋಗ್ಯಾಧಿಕಾರಿಗೂ ಕೊಟ್ಟು ಸ್ವೀಕೃತಿ ಪಡೆಯಿರಿ. ಶುದ್ಧ ನೀರು ಬದುಕುವ ಹಕ್ಕಿನ ಭಾಗವೆಂದು 1991ರ ಸುಭಾಷ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಪತ್ರದಲ್ಲಿ ಆ ಸಾಲೂ ಇರಲಿ.

ಇನ್ನು, ಫ್ಲೋರೋಸಿಸ್‌ನಿಂದ ಈಗಾಗಲೇ ಬೆನ್ನು ಬಾಗಿ ಹೋದವರಿಗೆ ವರ್ಷಗಟ್ಟಲೆ ನೋವಿನ ಮಾತ್ರೆ ಕೊಡುತ್ತಾ ಹೋದರೆ ಕಿಡ್ನಿ ಕೆಡಬಹುದು. ಅವರಿಗೆ ವ್ಯಾಯಾಮ ಹೇಳಿಕೊಡಿ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಡಿ ಚಲನಾ ವೈಕಲ್ಯದ ಪ್ರಮಾಣಪತ್ರಕ್ಕೆ ತಪಾಸಣೆ ಮಾಡಿಸಿ. ಹೆಚ್ಚಿನ ಸೌಲಭ್ಯಗಳಿಗೆ ಶೇ 40 ವೈಕಲ್ಯ ಬೇಕು. ಅರ್ಜಿ ತುಂಬಲು ಆಶಾ ಕಾರ್ಯಕರ್ತೆ ನೆರವಾಗಲಿ. ಆಧಾರ್, ಫೋಟೊ, ಹಳೆಯ ಚೀಟಿಗಳು ಜೊತೆಯಲ್ಲಿರಲಿ.