ಟೋರಿಕ್ ಲೆನ್ಸಿಗೆ ದುಡ್ಡು ಕಟ್ಟುವ ಮೊದಲು

ಮನೆಯಲ್ಲಿ ಪೊರೆ ಆಪರೇಷನ್ ಮಾಡಿಸುವವರಿದ್ದರೆ, ಲೆನ್ಸಿನ ರೇಟು ಕೇಳುವ ಮೊದಲು ಕಾರ್ನಿಯಾದ ಸಿಲಿಂಡರ್ ಎಷ್ಟಿದೆ ಎಂದು ಕೇಳಿ. ಒಂದೊಂದು ಕಣ್ಣಿಗೂ ಬೇರೆಬೇರೆಯಾಗಿ ಕೇಳಿ.

ಗುಂಡ್ಲುಪೇಟೆಯಿಂದ ಅವ್ವನನ್ನು ಮೈಸೂರಿಗೆ ಕರೆದೊಯ್ದಾಗ ಆಸ್ಪತ್ರೆಯ ಕೌಂಟರಿನಲ್ಲಿ ಎರಡೂ ಕಣ್ಣಿಗೆ ಟೋರಿಕ್ ಪ್ಯಾಕೇಜ್ ಬರೆದುಕೊಟ್ಟಿದ್ದರು. ಡಾಕ್ಟರ ಬಳಿ ಅಳತೆಯ ಚೀಟಿ ಕೇಳಿದೆ. ಬಲಗಣ್ಣಿನಲ್ಲಿ ಎರಡು ಡಯಾಪ್ಟರಿಗೂ ಹೆಚ್ಚು, ಎಡಗಣ್ಣಿನಲ್ಲಿ ಅರ್ಧವೂ ಇಲ್ಲ. ಎಡಕ್ಕೆ ಸಾದಾ ಲೆನ್ಸೇ ಸಾಕೆಂದು ಅವರೇ ಹೇಳಿದರು.

ಕಾರ್ನಿಯಾ ಎಲ್ಲ ಕಡೆ ಒಂದೇ ಸಮ ಬಾಗಿರದಿದ್ದರೆ ಅದೇ ಅಸ್ಟಿಗ್ಮ್ಯಾಟಿಸಂ, ಅದರ ಅಳತೆಯೇ ಸಿಲಿಂಡರ್. ಪೊರೆ ತೆಗೆದರೂ ಆ ದೋಷ ಉಳಿಯುತ್ತದೆ. ಟೋರಿಕ್ ಲೆನ್ಸ್ ಅದನ್ನು ಒಳಗಿನಿಂದಲೇ ಸರಿದೂಗಿಸುತ್ತದೆ. ಆದರೆ ಅದನ್ನು ಸರಿಯಾದ ಕೋನದಲ್ಲಿ ಕೂರಿಸಬೇಕು. ಒಂದು ಡಿಗ್ರಿ ತಿರುಗಿದರೂ ಸುಮಾರು ಶೇ 3ರಷ್ಟು ಪ್ರಯೋಜನ ಹೋಗುತ್ತದೆ, 30 ಡಿಗ್ರಿ ತಿರುಗಿದರೆ ಪೂರ್ತಿ ವ್ಯರ್ಥ. ಹಾಗಾಗಿ ನಾವು ದುಡ್ಡು ಕೊಡುವುದು ಲೆನ್ಸಿಗಷ್ಟೇ ಅಲ್ಲ, ಅಳತೆಗೆ ಮತ್ತು ಕೈಚಳಕಕ್ಕೂ. ಹಳೆ ಕನ್ನಡಕದ ಚೀಟಿಯ ಸಿಲಿಂಡರ್ ನಂಬಿ ನಿರ್ಧರಿಸಬೇಡಿ, ಅದರಲ್ಲಿ ಪೊರೆಯ ಪಾಲೂ ಸೇರಿರುತ್ತದೆ. ಓದಲು ಕನ್ನಡಕ ಆಮೇಲೂ ಬೇಕು, ಟೋರಿಕ್ ಎಂದರೆ ಮಲ್ಟಿಫೋಕಲ್ ಅಲ್ಲ.

ಅವ್ವನಿಗೆ ಓದುವ ಚಿಂತೆಯಿಲ್ಲ. ‘ಬೆವರಿಗೆ ಕನ್ನಡಕ ಜಾರ್ತದೆ ಕಣಪ್ಪಾ, ಬದು ಕಂಡ್ರೆ ಸಾಕು’ ಎಂದಳು. ಚೆಂಡುಮಲ್ಲಿಗೆ ಹೊಲದಲ್ಲಿ ಇಡೀ ದಿನ ನಡೆದಾಡುವವಳ ಬಲಗಣ್ಣಿಗೆ ಆ ಖರ್ಚು ಸರಿಯೇ ಅನ್ನಿಸಿತು.

ವಿಮಾ ಕಂಪನಿ ಮಾತ್ರ ಸಾದಾ ಲೆನ್ಸಿನ ಮೊತ್ತಕ್ಕೇ ನಿಂತಿತು. 7.5 ಡಯಾಪ್ಟರಿಗಿಂತ ಕಡಿಮೆ ದೃಷ್ಟಿದೋಷ ತಿದ್ದುವ ಖರ್ಚು ಸಲ್ಲದೆಂಬ ಷರತ್ತು ಆರೋಗ್ಯ ವಿಮೆಗಳಲ್ಲಿದೆ. 2020ರಲ್ಲಿ ಬಂದ ಆರೋಗ್ಯ ಸಂಜೀವಿನಿ ಪಾಲಿಸಿಯನ್ನೇ ನೋಡಿ: ಪೊರೆಗೆ 24 ತಿಂಗಳು ಕಾಯಬೇಕು. ಆಮೇಲೂ ಒಂದು ಕಣ್ಣಿಗೆ ವಿಮಾ ಮೊತ್ತದ ಶೇ 25 ಅಥವಾ 40,000 ರೂಪಾಯಿ, ಯಾವುದು ಕಡಿಮೆಯೋ ಅದು. ಒಂದು ಲಕ್ಷದ ಪಾಲಿಸಿಗೆ 25,000. ಐದು ಲಕ್ಷದ್ದಕ್ಕೂ 40,000 ದಾಟದು. ದಾಖಲಾಗುವ ಮೊದಲೇ ವಿಮೆ ಕೊಡುವ ಮೊತ್ತಕ್ಕೂ ಆಸ್ಪತ್ರೆಯ ಬಿಲ್ಲಿಗೂ ಇರುವ ವ್ಯತ್ಯಾಸವನ್ನು ಬರಹದಲ್ಲಿ ಕೇಳಿ ಪಡೆಯಿರಿ. ವಿಮೆಯೇ ಇಲ್ಲದ, 60 ದಾಟಿದ ತಂದೆತಾಯಿಗೆ ಖರ್ಚು ಮಾಡಿದರೆ ಹಳೆ ತೆರಿಗೆ ಪದ್ಧತಿಯಲ್ಲಿ ವರ್ಷಕ್ಕೆ 50,000ದವರೆಗೆ ಕಡಿತವುಂಟು. ನಗದು ಕೊಟ್ಟರೆ ಅದಿಲ್ಲ. ಮತ್ತೆ ಮತ್ತೆ ತೋರಿಸಲು ಮೈಸೂರಿಗೆ ಹೋಗಿಬರುವ ಅವ್ವನ ಬಸ್ ಚಾರ್ಜು, 2023ರ ಶಕ್ತಿ ಯೋಜನೆಯ ದಯೆಯಿಂದ, ಉಳಿಯಿತು.

ಚಾಮರಾಜನಗರದ ನಮ್ಮ ಚಿಕ್ಕಮ್ಮನಿಗೂ ಸಿಲಿಂಡರ್ ಇತ್ತು. ಸರ್ಕಾರಿ ಯೋಜನೆಯಲ್ಲಿ ಸಾದಾ ಲೆನ್ಸ್ ಉಚಿತವಾಗಿ ಹಾಕಿಸಿಕೊಂಡಳು, ಉಳಿದ ದೋಷಕ್ಕೆ ಕನ್ನಡಕ ಮಾಡಿಸಿಕೊಂಡಳು. ಚೆನ್ನಾಗಿಯೇ ಕಾಣುತ್ತದೆ. ಓಲೆ ಅಡವಿಟ್ಟು, ಬಡ್ಡಿ ಸಾಲ ತಂದು ಟೋರಿಕ್ ಹಾಕಿಸಲು ಹೋಗಬೇಡಿ. ದುಡ್ಡು ಹೊಂದಲಿಲ್ಲವೆಂದು ಪೊರೆ ಆಪರೇಷನ್ನನ್ನೂ ಮುಂದೂಡಬೇಡಿ.