ಬೆರಳಿನ ಲೆಕ್ಕ, ದುಡಿಮೆಯ ಲೆಕ್ಕ

ವರ್ಕ್‌ಶಾಪ್ ಲ್ಯಾಬಿನಲ್ಲಿ ಲೇತ್ ಮುಂದೆ ನಿಂತವರಿಗೆ ಕೈಯ ಬೆಲೆ ಗೊತ್ತು. ಚನ್ನಪಟ್ಟಣದ ಬೊಂಬೆ ಕೆಲಸದವರು ತಿರುಗುವ ಹಾಲೆ ಮರಕ್ಕೆ ಉಳಿ ಹಿಡಿದು ಆಕಾರ ಕೊಡ್ತಾರೆ, ಆಮೇಲೆ ಬಣ್ಣದ ಅರಗು ಹಚ್ತಾರೆ. ಅಂಥವರ ಹೆಬ್ಬೆರಳೇ ಹೋದರೆ ಕಸುಬೇ ಹೋದಂತೆ. ಆಗ ಸರ್ಕಾರದ ನೆರವು ಸಿಗುತ್ತಾ? ಉತ್ತರ ತಿಳಿಯಲು ಎರಡು ಅಳತೆಗಳನ್ನು ಬೇರೆ ಮಾಡಿ ನೋಡಬೇಕು.

ಮೊದಲನೆಯದು ದೇಹದ ಅಳತೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಮುಖ್ಯ ಗೆರೆ ಶೇ. 40. ವೈದ್ಯರು ಅಂಗದ ನಷ್ಟ ಅಳೆದು ಪ್ರಮಾಣಪತ್ರ ಕೊಡ್ತಾರೆ. ಯುಡಿಐಡಿ ಕಾರ್ಡಿನಲ್ಲಿ ಬರುವುದು ಅದೇ ಅಂಕಿ. ಮಾಸಾಶನಕ್ಕೆ ಇದರ ಜೊತೆ ಆದಾಯ ಮಿತಿಯೂ ಇದೆ. ನೀವು ಬೊಂಬೆ ಮಾಡ್ತಿದ್ರಾ, ಲೆಕ್ಕ ಬರೀತಿದ್ರಾ ಅಂತ ಇಲ್ಲಿ ಯಾರೂ ಕೇಳೋದಿಲ್ಲ. ಹೆಬ್ಬೆರಳೊಂದೇ ಹೋದರೆ ಈ ಗೆರೆ ಮುಟ್ಟೋದು ಕಷ್ಟ.

ಎರಡನೆಯದು ದುಡಿಮೆಯ ಅಳತೆ. 1923ರ ಕಾರ್ಮಿಕ ಪರಿಹಾರ ಕಾಯ್ದೆಯ ಪಟ್ಟಿಯಲ್ಲಿ ಹೆಬ್ಬೆರಳಿಗೆ ಶೇ. 30 ಅಂತಿತ್ತು. ಆದರೆ ಪಟ್ಟಿಯೇ ಕೊನೆಯ ಮಾತಲ್ಲ. ಎಡಗೈ ಕಳೆದುಕೊಂಡ ಬಡಗಿಯೊಬ್ಬರ ಮೊಕದ್ದಮೆಯಲ್ಲಿ ಮಾಲೀಕರು ‘ಇದು ಭಾಗಶಃ ನಷ್ಟ’ ಅಂತ ವಾದಿಸಿದರು. ಒಂದೇ ಕೈಯಲ್ಲಿ ಮರಗೆಲಸ ಆಗದು, ಹಾಗಾಗಿ ನಷ್ಟ ಪೂರ್ತಿ ಶೇ. 100 ಅಂತ 1975ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು.

ತೊಡಕು ಇರೋದು ಇಲ್ಲೇ. ಈ ಎರಡನೇ ಅಳತೆಗೆ ಮಾಲೀಕರೊಬ್ಬರು ಇರಬೇಕು. ಮನೆಯಲ್ಲೇ ಲೇತ್ ಇಟ್ಟುಕೊಂಡು ದುಡಿಯುವವರಿಗೆ ಮೊದಲನೆಯದು ಮಾತ್ರ ಉಳಿಯುತ್ತೆ.

ನಿಮ್ಮೂರಲ್ಲಿ ಯಾರಿಗಾದರೂ ಹೀಗಾದರೆ ಮೊದಲು ಕೇಳಿ: ಕೂಲಿ ಯಾರು ಕೊಡ್ತಿದ್ರು? ಉತ್ತರ ಇದ್ದರೆ ಕೂಲಿ ಚೀಟಿ, ಆಸ್ಪತ್ರೆ ಕಾಗದ ಎತ್ತಿಡಿಸಿ. ಯುಡಿಐಡಿ ಅರ್ಜಿಯನ್ನಂತೂ ಹಾಕಿಸಿಯೇ ಬಿಡಿ.