ಪೇಷೆಂಟ್ ಪರದೇಶದವರು, ಊರು ನಿಮ್ಮದು: ಗೆಲ್ಲಲು 7 ಸೂತ್ರಗಳು

ಬನ್ನೇರುಘಟ್ಟ ರಸ್ತೆಯ ಆಸ್ಪತ್ರೆಗಳಿಗೆ, ಬೊಮ್ಮಸಂದ್ರದ ಹೆಲ್ತ್ ಸಿಟಿಗೆ ಒಮಾನ್, ಬಾಂಗ್ಲಾದೇಶ, ತಾಂಜಾನಿಯಾ ಕಡೆಯಿಂದ ಜನ ಬರುತ್ತಲೇ ಇದ್ದಾರೆ. ಆಪರೇಷನ್ ಕೆಲವು ಗಂಟೆಗಳದ್ದು. ಫಾಲೋ-ಅಪ್ ಮುಗಿಯುವವರೆಗೆ ಜಯನಗರ, ಬಿಟಿಎಂ ಕಡೆಯ ಬಾಡಿಗೆ ರೂಮಿನಲ್ಲಿ ವಾರಗಟ್ಟಲೆ ದಿನ ದೂಡಬೇಕು. ಆ ವಾರಗಳನ್ನು ಸಲೀಸು ಮಾಡಿಕೊಡುವವರೇ ಇಂಟರ್‌ನ್ಯಾಷನಲ್ ಪೇಷೆಂಟ್ ಡೆಸ್ಕ್‌ನಲ್ಲಿ ಮೇಲೆ ಬರುತ್ತಾರೆ. ಆ ಕುರ್ಚಿಯ ಮೇಲೆ ಕಣ್ಣಿಟ್ಟಿದ್ದೀರಾ? ಇವತ್ತೇ ಶುರು ಮಾಡಿ.

1. ದಾಖಲೆ ಬಾಯಿಪಾಠವಾಗಲಿ. ಇ-ಮೆಡಿಕಲ್ ವೀಸಾ 60 ದಿನದ್ದು, ಮೂರು ಸಲ ಪ್ರವೇಶ. ಜೊತೆಗೆ ಬರುವ ಇಬ್ಬರು ಅಟೆಂಡರ್‌ಗಳಿಗೆ ಬೇರೆ ವೀಸಾ. ವಿದೇಶಿಯರು ಬಂದಿಳಿದ 24 ಗಂಟೆಯೊಳಗೆ ರೂಮು ಕೊಟ್ಟವರು ಆನ್‌ಲೈನ್‌ನಲ್ಲಿ ಮಾಹಿತಿ ತುಂಬಬೇಕು. 'ಸಿ ಫಾರ್ಮ್' ಎಂದೇ ಅದರ ರೂಢಿ. ಎಷ್ಟೋ ಓನರ್‌ಗಳಿಗೆ ಇದು ಗೊತ್ತೇ ಇರುವುದಿಲ್ಲ. ಪಕ್ಕದಲ್ಲಿ ಕೂತು ತುಂಬಿಸಿ.

2. 'ಭಾಷೆ ಬರಲ್ಲ' ಅನ್ನುವುದು ನೆಪ, ಬಿಡಿ. ನಮ್ಮ ಅಜ್ಜಿಯರ ಬಾಯಲ್ಲಿದ್ದ 'ದವಾಖಾನೆ'ಯ 'ದವಾ' ಇದೆಯಲ್ಲ, ಅರಬ್ಬಿಯಲ್ಲೂ ಸ್ವಾಹಿಲಿಯಲ್ಲೂ ಔಷಧಕ್ಕೆ ಅದೇ ಮಾತು. ಬಂಗಾಳಿಯ 'ಬ್ಯಥಾ' ನಮ್ಮ ವ್ಯಥೆಯೇ. ಅವರು ಹೊಟ್ಟೆನೋವಿಗೂ ಅದನ್ನೇ ಹೇಳುತ್ತಾರೆ. ನೋವು, ನಿದ್ದೆ, ಊಟ, ಮೂತ್ರ: ಈ ನಾಲ್ಕು ಪದ ಈ ವಾರ ಕಲಿಯಿರಿ. ಕನ್ಸೆಂಟ್ ಫಾರ್ಮ್ ವಿವರಿಸುವಾಗ ಮಾತ್ರ ತರಬೇತಿ ಪಡೆದ ದುಭಾಷಿಯನ್ನೇ ಕರೆಸಿ.

3. ತಟ್ಟೆಯ ಮೇಲೆ ಕಣ್ಣಿರಲಿ. ಇಲ್ಲಿ ನಾನೇ ಎಡವಿದ್ದೇನೆ. ಅತಿಥಿ ಸತ್ಕಾರದ ಹುರುಪಿನಲ್ಲಿ ಕಿಡ್ನಿ ಪೇಷೆಂಟ್ ಒಬ್ಬರಿಗೆ ಎಳನೀರು ತಂದುಕೊಟ್ಟೆ. ಸಿಸ್ಟರ್ ಕೈಯಿಂದ ಕಿತ್ತುಕೊಂಡರು. ಎಳನೀರಿನಲ್ಲಿ ಪೊಟ್ಯಾಸಿಯಂ ಜಾಸ್ತಿ. ಕಿಡ್ನಿ ಸೋತಾಗ ಅದು ರಕ್ತದಲ್ಲೇ ಉಳಿದು ಹೃದಯದ ಬಡಿತವನ್ನೇ ಕೆಡಿಸಬಹುದು. ವಾಲ್ವ್ ಹಾಕಿಸಿಕೊಂಡು, ರಕ್ತ ಹೆಪ್ಪುಗಟ್ಟದಿರಲೆಂದು ವಾರ್ಫರಿನ್ ನುಂಗುವವರು ಸೊಪ್ಪನ್ನು ಒಂದು ದಿನ ರಾಶಿ ತಿಂದು ಮರುದಿನ ಬಿಡುವಂತಿಲ್ಲ. ಟ್ರಾನ್ಸ್‌ಪ್ಲಾಂಟ್ ಆದವರಿಗೆ ಪಾನಿಪುರಿ ಬೇಡವೇ ಬೇಡ. ಮೊದಲು ಡಯಟಿಶಿಯನ್‌ ಅವರನ್ನು ಕೇಳಿ, ಆಮೇಲೆ ರುಚಿ ಹುಡುಕಿ. ತಾಂಜಾನಿಯಾದವರ ಉಗಾಲಿ ನಮ್ಮ ಮುದ್ದೆಯ ಅಣ್ಣತಮ್ಮ. ಪಥ್ಯಕ್ಕೆ ಹೊಂದುವುದಾದರೆ ಒಂದು ಮುದ್ದೆ ಕೊಡಿಸಿ ನೋಡಿ, ಮುಖ ಅರಳುತ್ತದೆ.

4. ಟೂರ್ ಬೇಡ, ದಿನಚರಿ ಕೊಡಿ. ಅವರಿಗೆ ಬೇಕಾಗಿರುವುದು ಅರಮನೆಯಲ್ಲ. ಸಿಮ್ ಕಾರ್ಡ್, ಕಟಿಂಗ್ ಶಾಪ್, ಇಸ್ತ್ರಿ ಅಂಗಡಿ. ಡಾಕ್ಟರು ನಡೆಯಬಹುದು ಅಂದ ದಿನ ಲಾಲ್‌ಬಾಗ್‌ಗೆ ಕರೆದೊಯ್ಯಿರಿ, 240 ಎಕರೆಯಲ್ಲಿ ಮೊದಲ ಬೆಂಚಿನವರೆಗೆ ಸಾಕು. ಅಟೆಂಡರ್‌ಗಳನ್ನು ಜಯನಗರ 4ನೇ ಬ್ಲಾಕ್‌ಗೆ ಕಳಿಸಿ, ತರಕಾರಿ ಚೌಕಾಸಿ ಮಾಡಲಿ. ಆಸ್ಪತ್ರೆಯ ಕಾರಿಡಾರ್‌ನಲ್ಲಿ ಕೂತು ಕೂತು ಅವರೂ ಅರ್ಧ ರೋಗಿ ಆಗಿರುತ್ತಾರೆ.

5. ಕಮಿಷನ್ ಮುಟ್ಟಬೇಡಿ. ಪೇಷೆಂಟ್ ಕಳಿಸಿದ್ದಕ್ಕೆ ಡಾಕ್ಟರು ದುಡ್ಡು ಕೊಡುವುದು, ಪಡೆಯುವುದು 2002ರ ವೈದ್ಯಕೀಯ ನೀತಿ ನಿಯಮದಲ್ಲೇ ನಿಷಿದ್ಧ. ಕಿಡ್ನಿ 'ವ್ಯವಸ್ಥೆ' ಮಾಡುತ್ತೇನೆಂದು ಯಾರಾದರೂ ಬಂದರೆ ಅಲ್ಲಿಂದ ಎದ್ದು ಬನ್ನಿ. ಅಂಗಾಂಗ ಮಾರಾಟ 1994ರ ಕಾಯ್ದೆಯಡಿ ಅಪರಾಧ.

6. ಹಿಂಜರಿಕೆ ಒಂದು ಅಭ್ಯಾಸ, ಬಿಡಿಸಿಕೊಳ್ಳಿ. 'ನಮ್ಮನ್ನು ನಂಬುತ್ತಾರಾ?' ಎಂಬ ಅನುಮಾನ ಬಂದಾಗ 2003ರ ಜುಲೈ ನೆನಪಿಸಿಕೊಳ್ಳಿ. ಲಾಹೋರ್‌ನ ಎರಡೂವರೆ ವರ್ಷದ ಮಗುವೊಂದು ಆಗಷ್ಟೇ ಮತ್ತೆ ಶುರುವಾದ ದಿಲ್ಲಿ–ಲಾಹೋರ್ ಬಸ್ಸಿನಲ್ಲಿ ಗಡಿ ದಾಟಿ, ಬೊಮ್ಮಸಂದ್ರದ ನಾರಾಯಣ ಹೃದಯಾಲಯದಲ್ಲಿ ಹೃದಯದ ಆಪರೇಷನ್ ಮಾಡಿಸಿಕೊಂಡಿತು. ಆ ಅಪ್ಪ ಅಮ್ಮ ನಂಬಿದರು.

7. ದಾರಿಯನ್ನು ಕಾಲಿನಿಂದ ಕಲಿಯಿರಿ. 2025ರ ಆಗಸ್ಟ್‌ನಲ್ಲಿ ಶುರುವಾದ ಮೆಟ್ರೊ ಹಳದಿ ಮಾರ್ಗ ಆರ್.ವಿ. ರಸ್ತೆಯಿಂದ ರಾಗಿಗುಡ್ಡ, ಜಯದೇವ, ಬಿಟಿಎಂ ದಾಟಿ ಬೊಮ್ಮಸಂದ್ರ ಮುಟ್ಟುತ್ತದೆ. ಈ ಭಾನುವಾರ ಎದೆಗೆ ಹೊಲಿಗೆ ಹಾಕಿಸಿಕೊಂಡವರ ಹಾಗೆ ನಿಧಾನವಾಗಿ ಒಮ್ಮೆ ಹೋಗಿ ಬನ್ನಿ. ಲಿಫ್ಟ್ ಎಲ್ಲಿದೆ, ಕೂರುವ ಜಾಗ ಎಲ್ಲಿದೆ, ಫುಟ್‌ಪಾತ್ ಎಲ್ಲಿ ಕಿತ್ತುಹೋಗಿದೆ, ಎಲ್ಲ ಬರೆದಿಟ್ಟುಕೊಳ್ಳಿ. ಸೋಮವಾರ ಬರುವ ಪೇಷೆಂಟ್ ಮೊದಲು ಕೇಳುವುದು ಅದನ್ನೇ.